ಹಳದಿ ಬಸ್ಸು ಮನೆಯಾಗುವುದು ಹೇಗೆ?

ಕಳೆದ ಸಲ ಹಳಗನ್ನಡದ ಬಗ್ಗೆ ಮಾತಾಡಿ ಹೋದವಳು ಇವತ್ತು ನಟ್ಟು, ಬೋಲ್ಟು, ತುಕ್ಕು, ಬ್ಯಾಟರಿ ಎಂದು ಶುರು ಮಾಡಿದರೆ ನಿಮಗೆ ಆಶ್ಚರ್ಯವಾಗಬಹುದು. ಇದಕ್ಕೆಲ್ಲ ಕಾರಣ ನನ್ನ ಮಗಳು.

ಅವಳು ನರ್ಸ್. ಎರಡು ವರ್ಷ ಒಂದೇ ಆಸ್ಪತ್ರೆಯಲ್ಲಿ ದುಡಿದ ಮೇಲೆ ಊರೂರು ತಿರುಗುವ ಟ್ರಾವೆಲ್ ನರ್ಸ್ ಕೆಲಸಕ್ಕೆ ಸೇರಿದಳು. ಒಂದು ಕರಾರು ಸಾಮಾನ್ಯವಾಗಿ 13 ವಾರ. ಅದು ಮುಗಿದರೆ ಬೇರೆ ಊರು, ಬೇರೆ ಆಸ್ಪತ್ರೆ. ಪ್ರತಿ ಸಲವೂ ಬಾಡಿಗೆ ಮನೆ ಹುಡುಕು, ಮುಂಗಡ ಕೊಡು, ಪಾತ್ರೆಪಗಡಿ ಕಟ್ಟು, ಬಿಚ್ಚು. ಒಂದು ರಾತ್ರಿ ಫೋನ್ ಮಾಡಿ, "ಅಮ್ಮಾ, ಒಂದು ಸ್ಕೂಲ್ ಬಸ್ ತಗೊಳ್ಳೋಣ ಅಂತಿದ್ದೀನಿ" ಎಂದಳು.

"ಯಾಕೇ, ಡ್ರೈವರ್ ಕೆಲಸಕ್ಕೆ ಸೇರ್ತೀಯಾ?"

"ಅಲ್ಲಮ್ಮ, ಅದರಲ್ಲೇ ಇರ್ತೀನಿ."

ಹಾಸನದಲ್ಲಿರುವ ನಮ್ಮತ್ತೆಗೆ ವಿಷಯ ತಿಳಿದಾಗ, "ಅಮೆರಿಕಾಕ್ಕೆ ಹೋಗಿ ಬಸ್ಸಲ್ಲಿ ಸಂಸಾರ ಮಾಡೋ ಕರ್ಮ ಆ ಮಗೂಗೆ ಯಾಕೆ ಬಂತು?" ಎಂದು ನೊಂದುಕೊಂಡರು. ನನ್ನ ಭಯ ಬೇರೆಯಾಗಿತ್ತು. ಒಬ್ಬಳೇ ಮಲಗುವ ಹುಡುಗಿ, ಅದೇ ಮನೆಯನ್ನು ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ ವೇಗದಲ್ಲಿ ಓಡಿಸಿಕೊಂಡು ಹೋಗುವವಳು. ಅವಳಿಗೆ ಏನೂ ಆಗದಂತೆ ಈ ಬಸ್ಸನ್ನು ಕಟ್ಟಲು ಆಗುತ್ತದೆಯೇ? ಏಳು ತಿಂಗಳ ವಾರಾಂತ್ಯಗಳನ್ನು ನಮ್ಮನೆಯವರು, ಮಗಳು, ನಾನು ಮೂವರೂ ಆ ಬಸ್ಸಿನಲ್ಲಿ ಕಳೆದೆವು. ಅದರಿಂದ ತಿಳಿದದ್ದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲ ಪ್ರಶ್ನೆ, ಅಷ್ಟೊಂದು ವ್ಯಾನುಗಳಿರುವಾಗ ಶಾಲೆಯ ಬಸ್ಸೇ ಯಾಕೆ? ಈ ದೇಶದಲ್ಲಿ ಮಕ್ಕಳನ್ನು ಒಯ್ಯುವ ಬಸ್ಸಿಗೆ ದೊಡ್ಡ ಇತಿಹಾಸವಿದೆ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಒಂದು ಸಮ್ಮೇಳನ ಕರೆದರು. ಅಲ್ಲಿ ಬಸ್ಸುಗಳಿಗೆ 44 ನಿಯಮಗಳು ರೂಪುಗೊಂಡವು. ನಸುಕಿನ ಮಬ್ಬಿನಲ್ಲೂ ಕಪ್ಪು ಅಕ್ಷರ ಎದ್ದು ಕಾಣಬೇಕೆಂದು ಈ ಹಳದಿ ಬಣ್ಣವನ್ನು ಆರಿಸಿದ್ದೂ ಅಲ್ಲೇ. ಆಮೇಲೆ 1977ರಿಂದ ಕೇಂದ್ರ ಸರ್ಕಾರದ ಸುರಕ್ಷಾ ನಿಯಮಗಳು ಬಂದವು. ಬಸ್ಸು ಮಗುಚಿದರೂ ಛಾವಣಿ ಕುಸಿಯಬಾರದು, ಬಸ್ಸಿನ ಖಾಲಿ ತೂಕದ ಒಂದೂವರೆ ಪಟ್ಟು ಭಾರವನ್ನು ಅದು ತಡೆಯಬೇಕು. ಅದಕ್ಕೇ ಬಸ್ಸಿನ ಉದ್ದಕ್ಕೂ ಉಕ್ಕಿನ ಕಮಾನುಗಳಿರುತ್ತವೆ, ನಮ್ಮ ಎದೆಗೂಡಿನ ಮೂಳೆಗಳ ಹಾಗೆ. ಇಷ್ಟು ಗಟ್ಟಿಯಾದ ಗಾಡಿಯನ್ನು ಶಾಲೆಗಳು ಕೆಲವು ವರ್ಷ ಬಳಸಿ ಹರಾಜಿಗೆ ಹಾಕುತ್ತವೆ. ಹಾಗಾಗಿ ಕಡಿಮೆ ಬೆಲೆಗೆ ಸಿಗುತ್ತದೆ.

ಬಸ್ಸನ್ನು ಮನೆ ಮಾಡಿಕೊಳ್ಳುವುದು ಹೊಸ ಹುಚ್ಚೇನಲ್ಲ. 1964ರಲ್ಲಿ ಕಾದಂಬರಿಕಾರ ಕೆನ್ ಕೀಸಿ ತನ್ನ ಗೆಳೆಯರ ಜೊತೆ ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೊರಟದ್ದು 1939ರ ಮಾದರಿಯ ಒಂದು ಹಳೆಯ ಶಾಲಾ ಬಸ್ಸಿನಲ್ಲಿ. ಇಂಥ ಬಸ್ಸಿಗೆ ಈಗ ಸ್ಕೂಲಿ ಎಂಬ ಮುದ್ದು ಹೆಸರೂ ಇದೆ.

ನಾವು ತಂದದ್ದು ಐದು ಕಿಟಕಿಯ ಸಣ್ಣ ಬಸ್ಸು. ಇಂಥವನ್ನು ವ್ಯಾನಿನ ಮುಂಭಾಗಕ್ಕೆ ಬಸ್ಸಿನ ಮೈ ಜೋಡಿಸಿ ಕಟ್ಟಿರುತ್ತಾರೆ. ಎಂಜಿನ್ ಫೋರ್ಡ್ ಅಥವಾ ಷೆವರ್ಲೆಯದು, ಬಿಡಿಭಾಗ ಯಾವ ಊರಲ್ಲೂ ಸಿಗುತ್ತದೆ, ನಿಲ್ಲಿಸಲು ಹೆಚ್ಚು ಜಾಗ ಬೇಡ. ಆದರೆ ಡ್ರೈವರ್ ಸೀಟಿನ ಹಿಂದೆ ಸಿಕ್ಕಿದ್ದು ಸುಮಾರು 14 ಅಡಿ ಉದ್ದ, ಏಳೂವರೆ ಅಡಿ ಅಗಲ, ಅಂದರೆ 105 ಚದರ ಅಡಿ. ಒಳಗಿನ ಎತ್ತರ ಆರಡಿಯ ಆಸುಪಾಸು. ನಮ್ಮನೆಯವರ ತಲೆ ಛಾವಣಿಗೆ ಎಷ್ಟು ಸಲ ಬಡಿಯಿತೋ ಲೆಕ್ಕವಿಲ್ಲ. ಕೊಳ್ಳುವ ಮುನ್ನ ಬಣ್ಣ, ಸೀಟು ನೋಡಬೇಡಿ, ನೆಲಕ್ಕೆ ಮಲಗಿ ಬಸ್ಸಿನ ಅಡಿ ನೋಡಿ. ಹಿಮಕ್ಕೆ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಬಸ್ಸುಗಳಲ್ಲಿ ತುಕ್ಕು ಹೆಚ್ಚು. ನೂರು ಡಾಲರ್ ಖರ್ಚಾದರೂ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿಯೇ ತನ್ನಿ.

ಕೆಲಸ ಶುರುವಾಗುವುದು ಕಟ್ಟುವುದರಿಂದಲ್ಲ, ಕೀಳುವುದರಿಂದ. ಸೀಟಿನ ಬೋಲ್ಟುಗಳು ನೆಲ ತೂರಿ ಕೆಳಗೆ ಹೋಗಿ ತುಕ್ಕು ಹಿಡಿದಿರುತ್ತವೆ. ಸ್ಪ್ಯಾನರಿಗೆ ಜಗ್ಗದಿದ್ದಾಗ ಗ್ರೈಂಡರಿನಲ್ಲಿ ಕತ್ತರಿಸಿದೆವು. ಕಿಡಿ ಹಾರುವ ಕೆಲಸ, ಕಣ್ಣಿಗೆ ಕನ್ನಡಕ, ಕೈಗೆ ಗವಸು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ಮುಟ್ಟಬಾರದು. ರಬ್ಬರ್ ಹಾಸು, ಅದರಡಿಯ ಕೊಳೆತ ಪ್ಲೈವುಡ್ ತೆಗೆದಾಗ ಉಕ್ಕಿನ ನೆಲ ಕಂಡಿತು. ತುಕ್ಕು ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದೆವು. ಬೋಲ್ಟಿನ ತೂತುಗಳನ್ನು ಮುಚ್ಚಲು ಇಲ್ಲಿನವರ ಉಪಾಯ ಒಂದು ಸೆಂಟ್ ನಾಣ್ಯ! ತೂತಿನ ಮೇಲೆ ನಾಣ್ಯವಿಟ್ಟು ಸುತ್ತ ಸೀಲಂಟ್ ಮೆತ್ತುತ್ತಾರೆ. ನಾವೂ ಹಾಗೇ ಮಾಡಿದೆವು. "ಲಕ್ಷ್ಮಿಯನ್ನು ನೆಲದೊಳಗೆ ಹುದುಗಿಸಿ ಕಟ್ಟಿದ ಮನೆ" ಎಂದು ಅತ್ತೆಗೆ ಹೇಳಿದಾಗ ಅವರ ಮುನಿಸು ತುಸು ಇಳಿಯಿತು.

ಆಮೇಲೆ ಬಿಸಿಲು, ಚಳಿಯ ಮಾತು. ಉಕ್ಕಿನ ಡಬ್ಬಿ ಬೇಸಿಗೆಯಲ್ಲಿ ಕಾಯುತ್ತದೆ, ಚಳಿಯಲ್ಲಿ ಕೊರೆಯುತ್ತದೆ. ಅದಕ್ಕೇ ನೆಲ, ಗೋಡೆ, ಛಾವಣಿಗೆ ಫೋಮ್ ಹಲಗೆ ಕೂರಿಸಿ ಅದರ ಮೇಲೆ ಮರದ ಹೊದಿಕೆ. ಚಳಿಗಿಂತ ದೊಡ್ಡ ಶತ್ರು ತೇವ. ಇಡ್ಲಿ ಬೇಯಿಸಿದ ಹಬೆ, ಮಲಗಿದವರ ಉಸಿರು ತಣ್ಣನೆಯ ಉಕ್ಕಿಗೆ ತಾಗಿದರೆ ನೀರಾಗಿ ಇಳಿಯುತ್ತದೆ. ಹೊದಿಕೆಯ ಹಿಂದೆ ಅದು ಸೇರಿಕೊಂಡರೆ ಬೂಷ್ಟು, ತುಕ್ಕು ಎರಡೂ ಬರುತ್ತವೆ. ಹಲಗೆ ಮತ್ತು ಉಕ್ಕಿನ ನಡುವೆ ಸಂದು ಉಳಿಯದಂತೆ ಮುಚ್ಚಬೇಕು, ಛಾವಣಿಯಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್ ಇರಲೇಬೇಕು. ಒಗ್ಗರಣೆ ಹಾಕುವ ಮನೆಗೆ ಇದು ಇನ್ನೂ ಮುಖ್ಯ, ಇಲ್ಲದಿದ್ದರೆ ಹಾಸಿಗೆಯೂ ಇಂಗಿನ ವಾಸನೆ ಹೊಡೆಯುತ್ತದೆ.

ಇನ್ನು ವಿದ್ಯುತ್ತು. ಊರಿನಲ್ಲಿ ಕರೆಂಟು ಹೋದಾಗ ಕೈಹಿಡಿಯುವ ಇನ್ವರ್ಟರ್ ಗೊತ್ತಲ್ಲ, ಇಲ್ಲೂ ಅದೇ. ಛಾವಣಿಯ ಸೋಲಾರ್ ಪ್ಯಾನೆಲ್ ಬ್ಯಾಟರಿಗೆ ತುಂಬುತ್ತದೆ, ಇನ್ವರ್ಟರ್ ಅದನ್ನು ಮನೆಯ ವಿದ್ಯುತ್ತಾಗಿ ಮಾಡುತ್ತದೆ. ಎಷ್ಟು ಬೇಕು ಎಂಬುದಕ್ಕೆ ಅಂದಾಜು ಸಾಲದು, ಮನೆ ಖರ್ಚಿನ ಪುಸ್ತಕದ ಹಾಗೆ ಲೆಕ್ಕ ಬರೆಯಬೇಕು. ಸಣ್ಣ ಫ್ರಿಜ್‌ಗೆ ದಿನಕ್ಕೆ ಸುಮಾರು 500 ವ್ಯಾಟ್-ಗಂಟೆ. 1,500 ವ್ಯಾಟಿನ ಇಂಡಕ್ಷನ್ ಒಲೆ 40 ನಿಮಿಷ ಉರಿದರೆ 1,000. 750 ವ್ಯಾಟಿನ ಮಿಕ್ಸಿಯಲ್ಲಿ ನಾಲ್ಕು ನಿಮಿಷ ಚಟ್ನಿ ರುಬ್ಬಿದರೆ ಬರೀ 50. ದೀಪ, ಫ್ಯಾನ್, ಲ್ಯಾಪ್‌ಟಾಪಿಗೆ 400. ಒಟ್ಟು 1,950. ನಾವು ಹಾಕಿದ್ದು 12.8 ವೋಲ್ಟಿನ, 200 ಆಂಪಿಯರ್-ಗಂಟೆಯ ಎರಡು ಲಿಥಿಯಂ ಬ್ಯಾಟರಿ, ಅಂದರೆ 5,120 ವ್ಯಾಟ್-ಗಂಟೆ. ಮೋಡ ಮುಚ್ಚಿದರೂ ಎರಡು ದಿನ ನಡೆಯುತ್ತದೆ.

ಇದೇ ಲೆಕ್ಕ ಇನ್ನೊಂದು ಪಾಠವನ್ನೂ ಕಲಿಸಿತು. 1,500 ವ್ಯಾಟಿನ ವಿದ್ಯುತ್ ಹೀಟರನ್ನು ರಾತ್ರಿ ಎಂಟು ಗಂಟೆ ಉರಿಸಿದರೆ 12,000 ವ್ಯಾಟ್-ಗಂಟೆ, ನಮ್ಮ ಬ್ಯಾಟರಿಗಳ ಎರಡು ಪಟ್ಟಿಗಿಂತ ಹೆಚ್ಚು! ಹಾಗಾಗಿ ಬಿಸಿಗೆ ಪ್ರೊಪೇನ್ ಗ್ಯಾಸಿನ ಹೀಟರೇ ಗತಿ. ಗ್ಯಾಸ್ ಎಂದರೆ ಎಚ್ಚರಿಕೆ. ನಮ್ಮ ಅಡುಗೆ ಅನಿಲದಂತೆ ಇದೂ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಸೇರುತ್ತದೆ. ಗ್ಯಾಸ್ ಪತ್ತೆ ಮಾಡುವ ಅಲಾರ್ಮ್ ನೆಲದ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದಕ್ಕೆ ಬೇರೆ ಅಲಾರ್ಮ್. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬೇಕು. 12 ವೋಲ್ಟಿನಿಂದ 1,500 ವ್ಯಾಟ್ ಎಳೆದರೆ ತಂತಿಯಲ್ಲಿ 125 ಆಂಪಿಯರ್ ಹರಿಯುತ್ತದೆ, ಸಣ್ಣ ತಂತಿಯಾದರೆ ಅದೇ ಒಲೆಯಾಗುತ್ತದೆ. ಗ್ಯಾಸಿನ ಕೊಳವೆ, ದಪ್ಪ ತಂತಿಗಳ ಜೋಡಣೆ ಎರಡನ್ನೂ ಕಸುಬು ಬಲ್ಲವರಿಂದಲೇ ಮಾಡಿಸಿದೆವು.

ನಾವು ಎಡವಿದ್ದು ನೀರಿನಲ್ಲಿ. ಒಂದು ಗ್ಯಾಲನ್ ನೀರು 8.3 ಪೌಂಡಿಗೂ ಸ್ವಲ್ಪ ಹೆಚ್ಚು. 30 ಗ್ಯಾಲನ್ ಟ್ಯಾಂಕ್ ತುಂಬಿದರೆ 250 ಪೌಂಡ್, ನಮ್ಮ ಲೆಕ್ಕದಲ್ಲಿ 113 ಕಿಲೋ. ಅಡುಗೆಮನೆ ಎಡಕ್ಕೆ ಬಂದದ್ದರಿಂದ ಕೊಳವೆ ಉಳಿಯಲೆಂದು ಟ್ಯಾಂಕನ್ನೂ ಎಡಕ್ಕೆ ಇಟ್ಟೆವು, ತಂತಿ ಉಳಿಯಲೆಂದು ಬ್ಯಾಟರಿಯನ್ನೂ ಎಡಕ್ಕೇ ಇಟ್ಟೆವು. ಫ್ರಿಜ್ಜೂ ಅಲ್ಲೇ. ನಿಂತಾಗ ಏನೂ ತಿಳಿಯಲಿಲ್ಲ. ಮೊದಲ ಸಲ ನೀರು ತುಂಬಿ ಬಲ ತಿರುವಿನಲ್ಲಿ ಓಡಿಸಿದಾಗ ಬಸ್ಸು ಎಡಕ್ಕೆ ವಾಲಿತು. ನನ್ನ ಎದೆ ಧಸಕ್ಕೆಂದಿತು. ಅಳೆದು ನೋಡಿದರೆ ಎಡಗಡೆ ಒಂದಿಂಚು ತಗ್ಗಿದೆ! ಮೂರು ವಾರದ ಕೆಲಸ ಬಿಚ್ಚಿ, ಟ್ಯಾಂಕನ್ನು ಹಿಂದಿನ ಅಚ್ಚಿನ ಸ್ವಲ್ಪ ಮುಂದೆ ನಡುವಿಗೆ ತಂದು, ಬ್ಯಾಟರಿಗಳನ್ನು ಬಲಕ್ಕೆ ಹಾಕಿದೆವು. ಆಮೇಲೆ ಲಾರಿಗಳು ನಿಲ್ಲುವ ಕಡೆ ವೇಬ್ರಿಜ್ಜಿಗೆ ಒಯ್ದು ತೂಗಿಸಿದೆವು. ಡ್ರೈವರ್ ಬಾಗಿಲ ಬಳಿಯ ಫಲಕದಲ್ಲಿ ಒಟ್ಟು ಎಷ್ಟು, ಒಂದೊಂದು ಅಚ್ಚಿಗೆ ಎಷ್ಟು ಭಾರ ತಡೆಯುತ್ತದೆ ಎಂದು ಬರೆದಿರುತ್ತದೆ. ಅದನ್ನು ಮೀರಿದರೆ ಬ್ರೇಕು, ಟೈರು ಎರಡನ್ನೂ ನಂಬುವಂತಿಲ್ಲ.

ಎಂ.ಎ. ಓದುವಾಗ ಸ್ಥಾವರ, ಜಂಗಮ ಎಂಬ ಮಾತುಗಳ ಮೇಲೆ ಪುಟಗಟ್ಟಲೆ ಬರೆದಿದ್ದೆ. ಅವು ಒಂದೇ ಕಡೆ ಸೇರಿದರೆ ಎಂಥ ಪೇಚು ಎಂಬುದು ಅವತ್ತು ತಿಳಿಯಿತು. ಮನೆಯಾಗಿ ಬಸ್ಸು ಸ್ಥಾವರ, ಗಾಡಿಯಾಗಿ ಜಂಗಮ. ಒಳಗೆ ಇಡುವ ಪ್ರತಿ ವಸ್ತುವಿಗೂ ಎರಡು ಪ್ರಶ್ನೆ ಕೇಳಬೇಕು: ನಿಂತಾಗ ಇದು ಕೈಗೆ ಸಿಗುತ್ತದೆಯೇ? ಜೋರಾಗಿ ಬ್ರೇಕ್ ಹಾಕಿದರೆ ಇದು ಎಲ್ಲಿಗೆ ಹಾರುತ್ತದೆ? ಅಲ್ಲಿಂದ ಮುಂದೆ ಕಪಾಟಿಗೆಲ್ಲ ಚಿಲಕ ಬಂತು, ಕುಕ್ಕರಿಗೂ ಒಂದು ಬೆಲ್ಟು ಬಂತು.

ಕುಕ್ಕರಿಗೆ ಬೆಲ್ಟು ಕಟ್ಟುವಾಗಲೇ ನಾನು ಕೇಳಿದ್ದು, "ಅದು ಸರಿ ಕಣೆ, ನಾನು ಬಂದರೆ ಎಲ್ಲಿ ಕೂರಲಿ?" ಮಗಳು ಕಿಟಕಿ ಪಕ್ಕದ ಅಡ್ಡ ಬೆಂಚು ತೋರಿಸಿದಳು. ಚೆಂದದ ದಿಂಬು, ಬೆಲ್ಟಿಲ್ಲ. ಇದು ಬಹಳ ಜನ ಮರೆಯುವ ವಿಷಯ. ಶಾಲಾ ಬಸ್ಸಿನಲ್ಲಿ ಸೀಟುಗಳು ಒತ್ತೊತ್ತಾಗಿ, ಬೆನ್ನು ಎತ್ತರವಾಗಿ, ಮೆತ್ತಗೆ ಇರುವುದು ಸುಮ್ಮನೆ ಅಲ್ಲ. ಮೊಟ್ಟೆಯ ಟ್ರೇಯಲ್ಲಿ ಮೊಟ್ಟೆ ಇರುವ ಹಾಗೆ ಮಗು ಎರಡು ಸೀಟಿನ ನಡುವೆ ಭದ್ರವಾಗಿರಲಿ ಎಂದು. ನಾವು ಸೀಟು ಕಿತ್ತ ದಿನವೇ ಆ ರಕ್ಷಣೆಯನ್ನೂ ಕಿತ್ತಿದ್ದೆವು. ಕೊನೆಗೆ ಬೆಂಚಿನ ಅರ್ಧ ತೆಗೆದು, ಮೂರು ಕಡೆ ಹಿಡಿಯುವ ಬೆಲ್ಟಿರುವ ಒಂದು ಸೀಟನ್ನು ರಸ್ತೆಯ ಕಡೆ ಮುಖ ಮಾಡಿ ಬಸ್ಸಿನ ಚೌಕಟ್ಟಿಗೇ ಸೇರುವಂತೆ ವರ್ಕ್‌ಶಾಪಿನಲ್ಲಿ ಹಾಕಿಸಿದೆವು. ಮಗಳಿಗೆ ಎರಡು ಡ್ರಾಯರ್ ನಷ್ಟ, ನನಗೆ ನೆಮ್ಮದಿ ಲಾಭ. ಎಷ್ಟು ಜನ ಪಯಣಿಸುತ್ತೀರೋ ಅಷ್ಟು ಬೆಲ್ಟಿನ ಸೀಟು ಮೊದಲು, ಹಾಸಿಗೆ ಆಮೇಲೆ. ಹಿಂದಿನ ತುರ್ತು ಬಾಗಿಲಿಗೆ ಕಪಾಟು ಅಡ್ಡ ಇಡಬೇಡಿ. ಬೆಂಕಿ ಬಿದ್ದರೆ ಒಂದೇ ದಾರಿ ಸಾಲದು.

ಶೌಚಾಲಯದ ವಿಷಯ ಹೇಳಲು ಸಂಕೋಚ ಬೇಡ. ಮಲ, ಮೂತ್ರ ಬೇರೆ ಬೇರೆ ಹೋಗುವ, ನೀರು ಬೇಡದ ಶೌಚಾಲಯ ಹಾಕಿದೆವು. ಮಲದ ಭಾಗಕ್ಕೆ ಹಾಕುವುದು ತೆಂಗಿನ ನಾರಿನ ಪುಡಿ! ತಿಪಟೂರು, ಅರಸೀಕೆರೆ ಕಡೆಯವರಿಗೆ ಅದನ್ನು ಪರಿಚಯಿಸಬೇಕಿಲ್ಲ. ಪಾತ್ರೆ ತೊಳೆದ ನೀರು ಬೇರೆ ಟ್ಯಾಂಕಿಗೆ ಹೋಗುತ್ತದೆ, ಅದನ್ನು ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಬೇಕು.

ಕೊನೆಯದು ಕಾಗದಪತ್ರ, ಆದರೆ ನೀವು ಇದನ್ನೇ ಮೊದಲು ನೋಡಿ. ಕೇಂದ್ರ ನಿಯಮದಲ್ಲಿ ಮೋಟರ್ ಹೋಮ್ ಎನ್ನಿಸಿಕೊಳ್ಳಲು ಆರರಲ್ಲಿ ಕನಿಷ್ಠ ನಾಲ್ಕು ಅನುಕೂಲ ಇರಬೇಕು: ಅಡುಗೆ, ಫ್ರಿಜ್, ಶೌಚಾಲಯ, ಹೀಟರ್ ಅಥವಾ ಎ.ಸಿ., ನಲ್ಲಿ-ಸಿಂಕ್ ಸಹಿತ ಕುಡಿಯುವ ನೀರು, ಪ್ರತ್ಯೇಕ ವಿದ್ಯುತ್ ಅಥವಾ ಗ್ಯಾಸ್. ನೋಂದಣಿಯ ಕ್ರಮ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ರಾಜ್ಯಗಳಲ್ಲಿ ಹಳದಿ ಬಣ್ಣ ಬದಲಿಸಬೇಕು, ಶಾಲೆಯ ಹೆಸರು, ಕೆಂಪು ದೀಪ, ನಿಲ್ಲು ಎನ್ನುವ ಫಲಕ ತೆಗೆಯಬೇಕು. ಚಾಲಕರೂ ಸೇರಿ 16 ಅಥವಾ ಹೆಚ್ಚು ಜನರಿಗಾಗಿ ಕಟ್ಟಿದ ಬಸ್ಸಾದರೆ ಹರಾಜಿನಿಂದ ಮನೆಗೆ ತರುವಾಗ ಯಾವ ಲೈಸೆನ್ಸ್ ಬೇಕು ಎಂದು ವಿಚಾರಿಸಿಕೊಳ್ಳಿ. ವಿಮೆಯಂತೂ ತಲೆನೋವು. ನಮಗೆ ಎರಡು ಕಂಪನಿಗಳು ಇಲ್ಲ ಎಂದ ಮೇಲೆ ಮೂರನೆಯದು ಒಪ್ಪಿತು, ಅದೂ ಕೆಲಸದ ಪ್ರತಿ ಹಂತದ ಫೋಟೋ ನೋಡಿದ ಮೇಲೆ. ಫೋಟೋ ತೆಗೆದಿಡಿ, ರಸೀದಿ ಎಸೆಯಬೇಡಿ. ಕೆಲವು ಆರ್‌ವಿ ಪಾರ್ಕಿನವರು ಹತ್ತು ವರ್ಷಕ್ಕಿಂತ ಹಳೆಯ ಗಾಡಿ ಬೇಡ ಎನ್ನುತ್ತಾರೆ, ಕೆಲವರಿಗೆ ಸ್ಕೂಲಿ ಎಂದರೇ ಆಗದು. ಮಗಳು ಈಗ ಆಸ್ಪತ್ರೆಯ ಕರಾರಿಗೆ ಸಹಿ ಹಾಕುವ ಮುನ್ನ ಪಾರ್ಕಿಗೆ ಫೋನ್ ಮಾಡುತ್ತಾಳೆ.

ಖರ್ಚು ಎಷ್ಟಾಯಿತು ಎಂದು ಕೇಳುತ್ತೀರಿ, ಗೊತ್ತು. ಬಸ್ಸಿಗೆ ಕೊಟ್ಟದ್ದರ ಮೂರೂವರೆ ಪಟ್ಟು ಒಳಗಿನ ಕೆಲಸಕ್ಕೆ ಹೋಯಿತು. ಬಸ್ಸು ಅಗ್ಗ ಎಂದು ಮನೆಯೂ ಅಗ್ಗ ಎಂದುಕೊಂಡು ಇಳಿಯಬೇಡಿ.

ಈಗ ಬಸ್ಸಿಗೆ ತಿಳಿ ನೀಲಿ ಬಣ್ಣ. ಹೊರಡುವ ದಿನ ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು, ವಿಡಿಯೋ ಕರೆಯಲ್ಲಿ ಅತ್ತೆ ಅಲ್ಲಿಂದಲೇ ಮಂಗಳಾರತಿ ಎತ್ತಿದರು. ಬಸ್ಸಿನ ಒಳಗೆಲ್ಲ ನೋಡಿ ಅವರು ಕೇಳಿದ ಪ್ರಶ್ನೆ ಒಂದೇ, "ಬೆಲ್ಟ್ ಇರೋ ಆ ಸೀಟು ಯಾರಿಗೆ?"

"ನಿಮಗೇ ಅಜ್ಜಿ, ಯಾವಾಗ ಬರ್ತೀರಾ?" ಎಂದಳು ಮಗಳು.

ವೀಸಾಕ್ಕೆ ಅರ್ಜಿ ಹಾಕಿದ್ದೇವೆ. ಅವರು ಬಂದು ಹೋದ ಮೇಲೆ ಆ ಪ್ರಯಾಣದ ಕಥೆ ಹೇಳುತ್ತೇನೆ.