ಗೋಡೆಯ ತೆರಪು ಮತ್ತು ಅದರ ಚೌಕಟ್ಟು: ವಿಜಯಪುರ, ತಿಕೋಟಾ, ಬಬಲೇಶ್ವರ ಪರಿಸರದ ಕಂಬದ ಮನೆಗಳನ್ನು ಕುರಿತು

ಗೋಡೆಯನ್ನು ಕಟ್ಟುವುದು ಸುಲಭ. ಕಟ್ಟಿದ ಗೋಡೆಯಲ್ಲಿ ಬಾಗಿಲನ್ನೂ ಕಿಟಕಿಯನ್ನೂ ಬಿಡುವುದೇ ಕಷ್ಟ. ತೆರಪು ಎಂದರೆ ಗೋಡೆ ಇಲ್ಲದ ಜಾಗ. ಆದರೆ ಅದರ ಮೇಲಣ ಭಾರಕ್ಕೆ ಕೆಳಗೆ ಗೋಡೆ ಇಲ್ಲವೆಂಬ ವಿಚಾರ ಗೊತ್ತಿರುವುದಿಲ್ಲ. ಅದು ನೇರವಾಗಿ ಕೆಳಗಿಳಿಯಲು ಹವಣಿಸುತ್ತದೆ. ಅದನ್ನು ಎಡಬಲಗಳಿಗೆ ತಿರುಗಿಸಿ ನೆಲಕ್ಕೆ ಮುಟ್ಟಿಸುವುದು ಹೇಗೆ ಎಂಬುದೇ ಇಲ್ಲಿ ನಾವು ವಿವೇಚಿಸಲಿರುವ ವಿಷಯ. ಬಾಗಿಲವಾಡದ ಕೆತ್ತನೆಯನ್ನು ಕುರಿತು ನಮ್ಮಲ್ಲಿ ಬರೆದವರು ಹಲವರು. ಅದು ಹೊರುವ ಭಾರವನ್ನು ಕುರಿತು ಬರೆದವರು ವಿರಳ.

ಮೊದಲು ಮರದ ನಿಲುವುಗಳಿಂದಲೇ ಆದ ಗೋಡೆಯನ್ನು ತೆಗೆದುಕೊಳ್ಳುವಾ. ಅಮೆರಿಕದಲ್ಲಿ 1830ರ ದಶಕದಿಂದೀಚೆಗೆ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಕೆಳಗೊಂದು ಪಟ್ಟಿ, ಮೇಲೊಂದು ಪಟ್ಟಿ, ನಡುವೆ ಸುಮಾರು 16 ಅಂಗುಲಕ್ಕೊಂದರಂತೆ ತೆಳುವಾದ ನಿಲುವುಗಳು ಇರುತ್ತವೆ. ಮಾಡಿನ ಭಾರವನ್ನು ಪ್ರತಿಯೊಂದು ನಿಲುವೂ ಹಂಚಿಕೊಳ್ಳುತ್ತದೆ. ಮೂರಡಿಯ ಬಾಗಿಲನ್ನು ಇಡಬೇಕಾದರೆ ಕನಿಷ್ಠ ಎರಡು ನಿಲುವುಗಳನ್ನಾದರೂ ಕಡಿಯಬೇಕಾಗುತ್ತದೆ. ಕಡಿದ ನಿಲುವುಗಳ ಪಾಲಿನ ಭಾರವನ್ನು ತೆರಪಿನ ಮೇಲೆ ಅಡ್ಡಲಾಗಿ ಇಟ್ಟ ಮೇಲ್ದೊಲೆಯೊಂದು ಹೊರುತ್ತದೆ. ಮೇಲ್ದೊಲೆಯ ಎರಡು ತುದಿಗಳನ್ನು ಎರಡು ಕುಳ್ಳ ನಿಲುವುಗಳು ಕೆಳಗಿನಿಂದ ಎತ್ತಿ ಹಿಡಿಯುತ್ತವೆ. ಈ ಕುಳ್ಳ ನಿಲುವುಗಳು ಓರೆಯಾಗದಂತೆ ಪಕ್ಕದಲ್ಲಿ ಪೂರ್ಣ ಎತ್ತರದ ನಿಲುವೊಂದು ಜೊತೆಗೂಡಿರುತ್ತದೆ. ಇಂಗ್ಲಿಷ್ ಬಡಗಿಗಳು ಇದಕ್ಕೆ ರಾಜನೆಂದೇ ಹೆಸರಿಟ್ಟಿದ್ದಾರೆ. ಕಿಟಕಿಯಾದರೆ ಕೆಳಗೊಂದು ತಳಹಲಗೆ, ಅದರಡಿಗೆ ತುಂಡು ನಿಲುವುಗಳು. ಅವುಗಳ ಕೆಲಸ ಹಲಗೆಯನ್ನು ಹಿಡಿದಿಡುವುದಷ್ಟೇ. ಮಾಡಿನ ಭಾರಕ್ಕೂ ಅವಕ್ಕೂ ಸಂಬಂಧವಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಈ ವ್ಯವಸ್ಥೆಯೆಲ್ಲ ಮುಗಿದ ಮೇಲೆಯೇ ಬಾಗಿಲಿನ ನಿಜವಾದ ಚೌಕಟ್ಟು ಬರುತ್ತದೆ. ಅದನ್ನು ತೆರಪಿಗಿಂತ ತುಸು ಸಣ್ಣದಾಗಿ ಮಾಡಿ, ಸುತ್ತಲೂ ಉಳಿದ ಸಂದಿನಲ್ಲಿ ಬೆಣೆಗಳನ್ನು ಬಡಿದು, ತೂಕಗುಂಡಿಗೆ ಸರಿಯಾಗಿ ನಿಲ್ಲಿಸುತ್ತಾರೆ. ಭಾರ ಹೊರುವ ಚೌಕಟ್ಟು ಬೇರೆ, ಕದವನ್ನು ಹೊರುವ ಚೌಕಟ್ಟು ಬೇರೆ. ಮುಂದಿನ ವಿವೇಚನೆಗೆಲ್ಲ ಈ ಭೇದವೇ ಆಧಾರ.

ವಿಜಯಪುರದ ಸುತ್ತಲಿನಲ್ಲಿ ಇಂಥ ತೆಳುಗೋಡೆಯ ಮನೆಗಳಿಲ್ಲ. ಮರಗಳೇ ವಿರಳವಾದ ಬಯಲುಸೀಮೆಯಿದು. ಬೇವು ಮತ್ತು ಜಾಲಿ ಊರಿನಲ್ಲಿ ಸಿಗುವ ಮರಗಳು. ಸಾಗವಾನಿ ಪಶ್ಚಿಮದ ಕಾಡುಸೀಮೆಯಿಂದ ಬರಬೇಕು. ಕಲ್ಲಿಗೆ ಮಾತ್ರ ಕೊರತೆಯಿಲ್ಲ. ನೆಲವನ್ನು ತುಸು ಕೆದರಿದರೆ ಕರಿಕಲ್ಲು. ಹೀಗಾಗಿ ಗೋಡೆ ಕಲ್ಲು ಮಣ್ಣಿನದು, ಎರಡು ಅಡಿಗೂ ಮಿಕ್ಕ ದಪ್ಪದ್ದು. ಆದರೆ ತಿಕೋಟಾ, ಬಬಲೇಶ್ವರಗಳ ಹಳೆಯ ಮಾಳಿಗೆ ಮನೆಗಳನ್ನು ಒಳಹೊಕ್ಕು ನೋಡಿದವರಿಗೆ ಬೇರೊಂದು ಸತ್ಯ ಗೋಚರವಾಗುತ್ತದೆ. ಒಳಗೆ ಸಾಲುಗಂಬಗಳಿವೆ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಕಟ್ಟಿಗೆಯ ಸೀಳು, ಅದರ ಮೇಲೆ ಮಣ್ಣು. ಮನೆಯ ಅಳತೆಯನ್ನು ಅಂಕಣಗಳಲ್ಲಿ ಹೇಳುವ ರೂಢಿಯೇ ಈ ಕಂಬಗಳಿಂದ ಬಂದುದು. ಚೆನ್ನಾಗಿ ಕಟ್ಟಿದ ಮನೆಗಳಲ್ಲಿ ಗೋಡೆಗೆ ಆನಿಸಿಯೋ ಗೋಡೆಯೊಳಗೆ ಅರ್ಧ ಹುದುಗಿಸಿಯೋ ಕಂಬಗಳನ್ನು ನಿಲ್ಲಿಸಿರುತ್ತಾರೆ. ಅಲ್ಲಿ ಮಾಡನ್ನು ಹೊತ್ತವು ಕಂಬಗಳು. ಗೋಡೆ ಕೇವಲ ಮರೆ. ಮರದ ನಿಲುವಿನ ಗೋಡೆಗೆ ಈ ಮನೆ ದೂರದ ಬಂಧುವೆಂದರೆ ತಪ್ಪಾಗಲಾರದು. ಅಲ್ಲಿ ಹದಿನಾರು ಅಂಗುಲಕ್ಕೊಂದು ತೆಳು ನಿಲುವು, ಇಲ್ಲಿ ಅಂಕಣಕ್ಕೊಂದು ದಪ್ಪ ಕಂಬ.

ಭಾರ ಎಷ್ಟು ಎಂಬುದನ್ನು ಸ್ಥೂಲವಾಗಿ ಲೆಕ್ಕಹಾಕಬಹುದು. ಮಾಳಿಗೆಯ ಮಣ್ಣು ಒಂದೂವರೆ ಅಡಿ, ಅಂದರೆ ಸುಮಾರು 45 ಸೆಂಟಿಮೀಟರ್ ದಪ್ಪವಿದ್ದು, ಘನಮೀಟರಿಗೆ 1,700 ಕಿಲೋಗ್ರಾಂ ತೂಗುತ್ತದೆಂದು ಹಿಡಿದರೆ, ಚದರ ಮೀಟರಿಗೆ 765 ಕಿಲೋಗ್ರಾಂ ಆಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸೋರದಿರಲೆಂದು ಮೇಲೆ ಹೊಸ ಮಣ್ಣು ಹಾಕುವ ವಾಡಿಕೆಯಿಂದ ಈ ದಪ್ಪ ಬೆಳೆಯುತ್ತಲೇ ಹೋಗುತ್ತದೆ. ನೆನೆದ ಮಣ್ಣು ಇನ್ನೂ ಭಾರ. ಎರಡೂವರೆ ಮೀಟರಿನ ಜಂತಿಗಳು ಒಂದು ತುದಿಯನ್ನು ಗೋಡೆಯ ಮೇಲೆ ಊರಿದ್ದರೆ, ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ ಮಾಡಿನಿಂದಲೇ ಹೆಚ್ಚುಕಡಿಮೆ ಒಂದು ಟನ್ ಭಾರ ಬರುತ್ತದೆ. ಅದೇ ಜಂತಿಗಳು ಗೋಡೆಯ ಪಕ್ಕದ ಕಂಬ-ತೊಲೆಗಳ ಮೇಲೆ ಕುಳಿತಿದ್ದರೆ ಬಾಗಿಲಿನ ಪಾಲಿಗೆ ಉಳಿಯುವುದು ತಲೆಯ ಮೇಲಿನ ಎರಡು ಮೂರು ಅಡಿ ಗೋಡೆಯ ಭಾರ ಮಾತ್ರ.

ಈಗ ಬಾಗಿಲಿನ ತಲೆಯ ಮೇಲೆ ಇಡುವ ಹಲಗೆಗಳ ಮಾತು. ಗೋಡೆ ದಪ್ಪವಾದುದರಿಂದ ಒಂದು ಹಲಗೆ ಸಾಲದು. ಮೂರು ನಾಲ್ಕನ್ನು ಪಕ್ಕಪಕ್ಕದಲ್ಲಿ ಮಲಗಿಸುತ್ತಾರೆ. ಮಲಗಿಸುತ್ತಾರೆಂಬುದೇ ಇಲ್ಲಿಯ ದೋಷ. ಎರಡಂಗುಲ ದಪ್ಪ, ಆರಂಗುಲ ಅಗಲದ ಹಲಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೆ ಅದರ ಬಲ ಮೂರು ಪಟ್ಟು, ಬಾಗದೆ ನಿಲ್ಲುವ ಗುಣ ಒಂಬತ್ತು ಪಟ್ಟು ಆಗುತ್ತದೆ. ಮರ ಅದೇ, ಖರ್ಚು ಅದೇ. ತೆರಪಿನ ಅಗಲ ಹೆಚ್ಚಿದಂತೆ ಇದು ಇನ್ನೂ ಮುಖ್ಯವಾಗುತ್ತದೆ. ಒಂದೇ ಸಮನಾದ ಭಾರದ ಕೆಳಗೆ ಅಗಲ ಎರಡು ಪಟ್ಟಾದರೆ ಮರವನ್ನು ಮುರಿಯಲೆಳಸುವ ಬಲ ನಾಲ್ಕು ಪಟ್ಟಾಗುತ್ತದೆ, ಜೋಲು ಹದಿನಾರು ಪಟ್ಟಾಗುತ್ತದೆ. ಹಳಬರ ಬಾಗಿಲುಗಳು ಕಿರಿದಾಗಿದ್ದುದಕ್ಕೆ ಕಳ್ಳಕಾಕರ ಭಯ, ಬಿಸಿಲಿನ ತಾಪ ಮುಂತಾದ ಕಾರಣಗಳನ್ನು ಹೇಳುವುದುಂಟು. ಅವು ಸುಳ್ಳಲ್ಲ. ಬೇವಿನ ಹಲಗೆಯ ಬಲವೂ ಅಷ್ಟೇ ದೊಡ್ಡ ಕಾರಣವೆಂದು ನಮ್ಮ ಅಭಿಪ್ರಾಯ. ಬೆಳಕಿಗಾಗಿ ಗೋಡೆಯನ್ನು ಒಡೆಯದೆ ಮಾಳಿಗೆಯಲ್ಲಿಯೇ ಬೆಳಕಿಂಡಿಯನ್ನು ಬಿಟ್ಟುದೂ ಇದೇ ವಿವೇಕದ ಫಲ: ಎರಡು ಜಂತಿಗಳ ನಡುವಣ ಸಂದಿನಲ್ಲಿ ಬಿಟ್ಟ ಕಿಂಡಿಗೆ ಯಾವ ಜಂತಿಯನ್ನೂ ಕಡಿಯಬೇಕಾಗಿಲ್ಲ.

ತೆರಪಿನ ಮೇಲಣ ಕಲ್ಲುಗಳು ಒಂದಕ್ಕೊಂದು ಆತುಕೊಂಡು ತಾವಾಗಿಯೇ ಕಮಾನಿನಂತೆ ವರ್ತಿಸುತ್ತವೆ, ಆದುದರಿಂದ ಹಲಗೆಯ ಮೇಲೆ ಒಂದು ಸಣ್ಣ ತ್ರಿಕೋಣದಷ್ಟು ಗೋಡೆಯ ಭಾರ ಮಾತ್ರ ಬೀಳುತ್ತದೆ ಎಂಬುದು ಶಾಸ್ತ್ರದ ಮಾತು. ಗಚ್ಚಿನಲ್ಲಿ ಕಟ್ಟಿದ, ಸಾಕಷ್ಟು ಎತ್ತರವುಳ್ಳ ಗೋಡೆಗೆ ಅದು ಸಲ್ಲುತ್ತದೆ. ಹಳ್ಳಿಯ ಮನೆಯಲ್ಲಿ ಕಟ್ಟಿದ್ದು ಮಣ್ಣಿನಿಂದ, ಬಾಗಿಲ ಮೇಲೆ ಉಳಿದ ಎತ್ತರ ಕಡಿಮೆ. ಮೇಲಾಗಿ ಕಮಾನು ಪಕ್ಕಕ್ಕೆ ಒತ್ತುತ್ತದೆ. ಆ ಒತ್ತನ್ನು ತಡೆಯಲು ಎರಡೂ ಮಗ್ಗುಲಲ್ಲಿ ಗೋಡೆ ಬೇಕು. ಮೂಲೆಗೆ ಅಂಟಿಸಿ ಬಿಟ್ಟ ಬಾಗಿಲಿಗೆ ಒಂದು ಮಗ್ಗುಲಲ್ಲಿ ಆ ಆಸರೆ ಇಲ್ಲವೇ ಇಲ್ಲ.

ಕಮಾನಿನ ವಿಚಾರ ಬಂದಾಗ ನಗರದ ಆದಿಲಶಾಹಿ ಕಟ್ಟಡಗಳನ್ನು ಬಿಟ್ಟು ಮಾತಾಡುವಂತಿಲ್ಲ. 1561ರ ಗಗನ ಮಹಲಿನ ನಡುಗಮಾನು 60 ಅಡಿಗೂ ಮಿಕ್ಕ ಅಗಲದ್ದು. ಅಷ್ಟು ದೊಡ್ಡ ತೆರಪಿಗೆ ಯಾವ ಮರವೂ ಸಾಲದು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಗೋಲಗುಂಬಜ. ಅದರ ಪಕ್ಕಗಳಲ್ಲಿಯ ದೊಡ್ಡ ಕಮಾನು ಭಾರವನ್ನೆಲ್ಲ ಆಚೀಚೆಗೆ ಸಾಗಿಸಿಬಿಡುತ್ತದೆ. ಕಮಾನಿನೊಳಗೆ ಆಮೇಲೆ ತುಂಬಿದ ಗೋಡೆಯಲ್ಲಿ ಬಾಗಿಲೂ ಕಿಟಕಿಗಳೂ ಇವೆ. ಆ ಬಾಗಿಲವಾಡ ಗುಮ್ಮಟವನ್ನು ಹೊತ್ತಿಲ್ಲ. ತನ್ನ ತಲೆಯ ಮೇಲಿನ ತುಂಬುಗೋಡೆಯಿಷ್ಟನ್ನೇ ಹೊತ್ತಿದೆ. ಭಾರದ ಚೌಕಟ್ಟು ಬೇರೆ, ಕದದ ಚೌಕಟ್ಟು ಬೇರೆ ಎಂದು ಮೇಲೆ ಹೇಳಿದ ತತ್ತ್ವವೇ ಇಲ್ಲಿ ಕಲ್ಲಿನಲ್ಲಿ ಮೂಡಿದೆ. ಇಬ್ರಾಹಿಂ ರೋಜಾದ ಅಕ್ಷರ ಕೊರೆದ ಕಲ್ಲಿನ ಜಾಲಂಧ್ರಗಳು ಅಷ್ಟು ನಯವಾಗಿರಲು ಸಾಧ್ಯವಾದುದೂ ಅವುಗಳ ಮೇಲೆ ಕಟ್ಟಡದ ಭಾರ ಬೀಳದುದರಿಂದಲೇ. ಮರದ ಕೆಲಸವನ್ನು ನೋಡಬಯಸುವವರು ಅಸರ ಮಹಲಿಗೆ ಹೋಗಬೇಕು. 17ನೆಯ ಶತಮಾನದ ನಡುವಿನ ಈ ಕಟ್ಟಡದ ಮುಂಭಾಗದಲ್ಲಿ ಸಾಗವಾನಿಯ ನಾಲ್ಕು ಭಾರಿ ಕಂಬಗಳು ಮಾಡನ್ನು ಹೊತ್ತು ನಿಂತಿವೆ. ಹಳ್ಳಿಯ ಪಡಸಾಲೆಯ ಕಂಬ-ತೊಲೆಗಳೇ ಅರಮನೆಯ ಗಾತ್ರಕ್ಕೆ ಬೆಳೆದಂತಿವೆ.

ಹಳ್ಳಿಯ ಬಾಗಿಲವಾಡಕ್ಕೆ ಮರಳುವಾ. ಇಲ್ಲಿ ಹೊಸ್ತಿಲನ್ನು ಪೂಜಿಸಿ, ಅರಿಷಿಣ ಕುಂಕುಮ ಹಚ್ಚಿ, ಚೌಕಟ್ಟನ್ನು ಮೊದಲು ನಿಲ್ಲಿಸಿ, ಆಮೇಲೆ ಅದರ ಎಡಬಲಕ್ಕೆ ಗೋಡೆಯನ್ನು ಏರಿಸುವ ಪದ್ಧತಿ. ಇದರಿಂದ ಗೋಡೆಯೂ ಚೌಕಟ್ಟೂ ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಚೌಕಟ್ಟಿನ ಮೇಲಡ್ಡೆಯ ಕಿವಿಗಳು ಗೋಡೆಯೊಳಗೆ ಹುದುಗುವುದರಿಂದ ಅದನ್ನು ಕಿತ್ತು ತೆಗೆಯುವುದು ಕಳ್ಳನಿಗೂ ಕಷ್ಟ. ಆದರೆ ತಲೆಯ ಮೇಲಿನ ಹಲಗೆಗಳು ಜೋತಾಗ ಭಾರ ಚೌಕಟ್ಟಿನ ಮೇಲೆ ಕೂರುತ್ತದೆ, ಕದ ಹಿಡಿಯುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ಮರ ಉಬ್ಬಿತೆಂದು ಬಡಗಿಯನ್ನು ಕರೆಸಿ ಕದವನ್ನು ಕೆತ್ತಿಸುವವರೇ ಹೆಚ್ಚು. ಉಬ್ಬಿದ ಮರ ಬೇಸಗೆಯಲ್ಲಿ ತಿರುಗಿ ಕುಗ್ಗುತ್ತದೆ. ಬೇಸಗೆಯಲ್ಲೂ ಬಿಗಿಯಾಗಿಯೇ ಉಳಿದರೆ ದೋಷ ಕದದಲ್ಲಿಲ್ಲ, ತಲೆಯ ಮೇಲಿದೆ, ಇಲ್ಲವೆ ಕಾಲ ಕೆಳಗಿದೆ. ಎರೆಭೂಮಿ ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವಂಥದು. ಅಡಿಪಾಯ ಆಳವಿಲ್ಲದ ಕಡೆ ಗೋಡೆ ಅದರೊಡನೆ ಏರಿಳಿಯುತ್ತದೆ. ತೆರಪಿನ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕುಗಳು ಹೆಚ್ಚಾಗಿ ಇದರ ಗುರುತು.

ಹಳೆಯ ಕದಗಳು ಬಿಜಾಗರಿಯ ಮೇಲಲ್ಲ, ತಿರುಗಣಿಯ ಮೇಲೆ ಆಡುತ್ತಿದ್ದುವು. ಕದದ ಅಂಚಿನ ಮರವೇ ಕೆಳಗೂ ಮೇಲೂ ಗೂಟವಾಗಿ ಚಾಚಿ ಹೊಸ್ತಿಲಿನ ಕುಳಿಯಲ್ಲಿ ಕೂರುತ್ತಿತ್ತು. ಕದದ ತೂಕವೆಲ್ಲ ನೇರವಾಗಿ ಹೊಸ್ತಿಲಿಗೆ ಇಳಿದು, ಮೇಲಿನ ಕುಳಿಗೆ ಪಕ್ಕದ ಸೆಳೆತವಷ್ಟೇ ಉಳಿಯುತ್ತಿತ್ತು. ಬಿಜಾಗರಿಯಾದರೆ ಕದದ ತೂಕವನ್ನೂ ಪಕ್ಕದ ನಿಲುವಿಗೇ ತೂಗುಹಾಕುತ್ತದೆ. ತೆಳುವಾದ ನಿಲುವಿಗೆ ದಪ್ಪ ಕದವನ್ನು ಜೋಡಿಸಿದಾಗ ಅದು ಹೊರಳುವುದು ಸಹಜ.

ಇವೆಲ್ಲ ಕೇವಲ ಕುತೂಹಲದ ವಿಷಯಗಳಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಬಹುಮಟ್ಟಿಗೆ ಇಂಥವೇ ಕಲ್ಲುಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ. ಅಲ್ಲಿ ಮಾಡು ಗೋಡೆಯ ಮೇಲೆಯೇ ಕುಳಿತಿದ್ದ ಮನೆಗಳು ಗೋಡೆಯೊಡನೆ ಕುಸಿದುವು. ಮರದ ಕಂಬಗಳ ಮೇಲೆ ಮಾಡು ನಿಂತಿದ್ದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಡು ನಿಂತುಕೊಂಡ ಉದಾಹರಣೆಗಳುಂಟು. ಕಾಶ್ಮೀರದಲ್ಲಿ ಮರದ ಚೌಕಟ್ಟಿನೊಳಗೆ ಕಲ್ಲು ಮಣ್ಣು ತುಂಬಿ ಕಟ್ಟುವ ಧಜ್ಜಿ ದೇವಾರಿ ಗೋಡೆಗಳು 2005ರ ಭೂಕಂಪದಲ್ಲಿ ಚೆನ್ನಾಗಿ ತಾಳಿದುದೂ ಪ್ರಸಿದ್ಧವಾಗಿದೆ. ವಿಜಯಪುರ ಜಿಲ್ಲೆಗೂ ಕಂಪನ ಅಪರಿಚಿತವಲ್ಲ: 2022ರ ಜುಲೈ 9ರ ಬೆಳಗ್ಗೆ ಇಲ್ಲಿ 4ಕ್ಕೂ ಮಿಕ್ಕ ಪ್ರಮಾಣದ ಕಂಪನವಾಯಿತು. ಮಣ್ಣಿನಲ್ಲಿ ಕಟ್ಟಿದ ಕಲ್ಲುಮನೆಗಳಂಥವುಗಳಿಗಾಗಿಯೇ 1993ರಲ್ಲಿ ಪ್ರಕಟವಾದ ಭಾರತೀಯ ಮಾನಕ 13828, ತೆರಪುಗಳು ಸಣ್ಣವಾಗಿರಲಿ, ಮೂಲೆಯಿಂದ ದೂರವಿರಲಿ, ಬಾಗಿಲ ತಲೆಯ ಮಟ್ಟದಲ್ಲಿ ಮನೆಯ ಸುತ್ತಲೂ ಒಂದೇ ಪಟ್ಟಿ ಹಾಯಲಿ ಎನ್ನುತ್ತದೆ. ಆ ಪಟ್ಟಿ ಮರದ್ದಾದರೂ ಆದೀತು.

ಈಗ ಈ ಭಾಗದಲ್ಲಿ ಹಳೆಯ ಮನೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವವರು ಹಿರಿಯರ ಬಾಗಿಲವಾಡವನ್ನು ಮಾತ್ರ ಜೋಪಾನವಾಗಿ ತೆಗೆದಿಟ್ಟು ಹೊಸ ಗೋಡೆಯಲ್ಲಿ ಕೂರಿಸುವುದುಂಟು. ಇದು ಮೆಚ್ಚತಕ್ಕ ಅಭಿಮಾನ. ಅದನ್ನು ಕೂರಿಸುವಾಗ ಅದರ ಮೇಲಡ್ಡೆಯ ಮೇಲೆಯೇ ಕಾಂಕ್ರೀಟು ಸುರಿಯದೆ, ಮೇಲಿನ ತೊಲೆಯನ್ನು ಬೇರೆಯಾಗಿ ಎರಡೂ ಪಕ್ಕದ ಗೋಡೆಯ ಮೇಲೆ ಊರಿಸಿ, ನಡುವೆ ಅರ್ಧ ಅಂಗುಲದ ಸಂದನ್ನು ಬಿಟ್ಟು, ಆ ಸಂದನ್ನು ಮೆತ್ತನೆಯ ವಸ್ತುವಿನಿಂದ ತುಂಬಬೇಕು. ಹಳೆಯ ಮನೆಯನ್ನು ಉಳಿಸಿಕೊಳ್ಳುವವರು ಜಂತಿಯ ತುದಿ ಎಲ್ಲಿ ಊರಿದೆ ಎಂಬುದನ್ನು ಮೊದಲು ನೋಡಬೇಕು. ಗೋಡೆಯ ಮೇಲೆ ಊರಿದ್ದರೆ, ಬಾಗಿಲಿನ ಎಡಬಲಗಳಲ್ಲಿ ಒಳಗಡೆಯಿಂದ ಎರಡು ಕಂಬಗಳನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿ, ಜಂತಿಗಳ ಅಡಿಗೆ ಒಂದು ತೊಲೆಯನ್ನು ಅಂಚಿನ ಮೇಲೆ ನಿಲ್ಲುವಂತೆ ಕೊಟ್ಟು, ಕಂಬವನ್ನೂ ತೊಲೆಯನ್ನೂ ಕಬ್ಬಿಣದ ಪಟ್ಟಿಯಿಂದ ಬಿಗಿಯಬಹುದು. ಮಾಳಿಗೆಯ ಮೇಲೆ ವರ್ಷವರ್ಷವೂ ಕೂಡಿದ ಮಣ್ಣನ್ನು ಇಳಿಸುವ ಕೆಲಸವನ್ನು ಅದಕ್ಕಿಂತ ಮೊದಲೇ ಮಾಡಿಕೊಳ್ಳುವುದು ಮೇಲು.