ತಾರಸಿಯ ಮೇಲೆ ಕಾಯುತ್ತಿರುವ ಕಂಬಿಗಳು

ಬೆಂಗಳೂರಿನ ಹೊರವಲಯದ ಯಾವ ಬಡಾವಣೆಗಾದರೂ ಹೋಗಿ ತಲೆ ಎತ್ತಿ ನೋಡಿ. ಕೆಳಗೆ ಬಣ್ಣ ಬಳಿದು, ಗ್ರಿಲ್ಲು ಕೂರಿಸಿ, ಗೃಹಪ್ರವೇಶವನ್ನೂ ಮುಗಿಸಿಕೊಂಡ ಮನೆ. ತಾರಸಿಯ ಮೇಲೆ ಮಾತ್ರ ಮೇಸ್ತ್ರಿ ಈಗಷ್ಟೇ ಊಟಕ್ಕೆ ಎದ್ದುಹೋದಂತೆ, ಮುಂದಿನ ಮಹಡಿಗೆಂದು ಬಿಟ್ಟ ತುಕ್ಕು ಬಣ್ಣದ ಕಂಬಿಗಳ ಗೊಂಚಲು. ಅಚ್ಚುಕಟ್ಟು ಬಯಸುವವರ ಕಣ್ಣಿಗೆ ಇದು ಅವಲಕ್ಷಣ. ಆದರೆ ಬೆಳೆಯುವ ಸಂಸಾರಕ್ಕೆ ಎಂಥ ಮನೆ ಬೇಕು ಎಂಬ ಪ್ರಶ್ನೆಗೆ ಈ ಊರಿನ ಮಧ್ಯಮವರ್ಗ ಕಂಡುಕೊಂಡ ವಿವೇಕದ ಉತ್ತರ ಆ ಕಂಬಿಗಳಲ್ಲೇ ಇದೆ. ಸಿದ್ಧ ಮನೆ ಸಂಸಾರದ ಒಂದು ವರ್ಷದ ಅಳತೆಗೆ ಹೊಲಿದ ಅಂಗಿ. ಮಗು ಒಂದಿದ್ದದ್ದು ಎರಡಾಗುತ್ತದೆ, ಊರಿನಿಂದ ಅಜ್ಜಿ ಬಂದು ನೆಲೆಸುತ್ತಾರೆ, ಹತ್ತನೇ ತರಗತಿಯ ಹುಡುಗನಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕಾಗುತ್ತದೆ. ಮುಂದೆ ಮಕ್ಕಳು ಹೊರಟುಹೋದ ಮೇಲೆ ಅದೇ ಕೋಣೆ ಬಾಡಿಗೆಗೋ ಭೋಗ್ಯಕ್ಕೋ ಹೋಗಬೇಕು. ಕಂತಿನಲ್ಲಿ ಕಟ್ಟುವ ಮನೆಗೆ ಮಾತ್ರ ಈ ಏರಿಳಿತದ ಜೊತೆ ಹೆಜ್ಜೆ ಹಾಕುವುದು ಸಾಧ್ಯ.

ಕಂಬಿ ಬಿಡುವುದೆಂದರೆ ಹಣ ಸಾಲದೆ ಕೈಬಿಟ್ಟದ್ದು ಎಂದು ಭಾವಿಸುವವರಿದ್ದಾರೆ. ಅದು ಅರ್ಧ ಸತ್ಯ. ಮೂರು ಅಂತಸ್ತಿನ ಭಾರ ಹೊರುವ ಪಾಯ, ಪಿಲ್ಲರುಗಳ ಲೆಕ್ಕ ಮೊದಲ ದಿನವೇ ಆಗಿರಬೇಕು. ಆಮೇಲೆ ಸೇರಿಸುತ್ತೇನೆಂದರೆ ನಡೆಯುವುದಿಲ್ಲ. ಮೇಲೆ ಬಿಟ್ಟ ಕಂಬಿ ಮುಂದಿನ ಕಂಬಿಯ ಪಕ್ಕ ನಿಂತು ಅದನ್ನು ಹಿಡಿದುಕೊಳ್ಳಬೇಕು. ಅದಕ್ಕೆ ಕೆಲಸಗಾರರು ಹೇಳುವ ಅಳತೆ ಕಂಬಿಯ ದಪ್ಪದ ಸುಮಾರು 50 ಪಟ್ಟು. 16 ಮಿ.ಮೀ. ಕಂಬಿಯಾದರೆ ಎರಡೂವರೆ ಅಡಿಗಿಂತ ತುಸು ಹೆಚ್ಚು. ತಾರಸಿಯ ಮೇಲೆ ಗೇಣುದ್ದದ ಚೂರು ಕಂಡರೆ ಮಾಲೀಕರು ಉಳಿಸಿದ್ದು ಕಬ್ಬಿಣದ ಖರ್ಚನ್ನು, ಕಳೆದುಕೊಂಡದ್ದು ಒಂದು ಮಹಡಿಯನ್ನು. ತುಕ್ಕಿನ ಆಕ್ಷೇಪಣೆ ಸುಳ್ಳಲ್ಲ. ಮೇಲ್ಮೈಯ ಕೆಂಪು ಪುಡಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು. ಪದರು ಪದರಾಗಿ ಸುಲಿದು ಕಂಬಿಯೇ ಸಣ್ಣಗಾಗಿದ್ದರೆ ಎಂಜಿನಿಯರ್ ನೋಡದೆ ಮುಂದುವರಿಯಬಾರದು. ಬಲ್ಲ ಮೇಸ್ತ್ರಿಗಳು ಸಿಮೆಂಟಿನ ಹಾಲು ಬಳಿಯುತ್ತಾರೆ, ಇಲ್ಲವೇ ಆಮೇಲೆ ಸುಲಭವಾಗಿ ಒಡೆಯಬಹುದಾದ ತೆಳು ಕಾಂಕ್ರೀಟಿನ ಮೋಟುಗಂಬ ಕಟ್ಟಿ ಮುಚ್ಚುತ್ತಾರೆ. ಮೇಲಿನ ಮಹಡಿ ಏಳುವವರೆಗೆ ಬಯಲಲ್ಲೇ ಉಳಿದ ಕಂಬಿಗಳಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿರುತ್ತದೆ. ಆಡುವ ಮಕ್ಕಳ ಕಣ್ಣಿಗೆ ತಾಗದಿರಲೆಂದು ತುದಿಗೆ ಪ್ಲಾಸ್ಟಿಕ್ ಬಾಟಲಿ ಮಗುಚಿರುತ್ತದೆ. ಇಷ್ಟೇ ಮುಖ್ಯವಾದದ್ದು ಮೆಟ್ಟಿಲು. ಅದು ಹೊರಗಿದ್ದರೆ ಮಹಡಿ ಬೇರೊಂದು ಮನೆಯಾಗಬಲ್ಲದು. ಹಾಲಿನ ನಡುವೆ ಮೆಟ್ಟಿಲು ತಿರುಗಿಸಿದ ಡ್ಯೂಪ್ಲೆಕ್ಸ್ ಫೋಟೋದಲ್ಲಿ ಚೆನ್ನ. ಮಂಡಿನೋವಿನ ಅಜ್ಜಿಗೂ ಬಾಡಿಗೆದಾರರಿಗೂ ಆಗಿಬರುವುದಿಲ್ಲ.

ಅಪಾರ್ಟ್‌ಮೆಂಟ್ ಪರವಾದ ವಾದ ಹಗುರವಾದದ್ದೇನಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಗೇಟಿನ ಕಾವಲು, ಲಿಫ್ಟು, ಸಂಜೆ ಕೆಳಗಿಳಿದರೆ ಸಿಗುವ ಆಟದ ಜೊತೆಗಾರರು ದೊಡ್ಡ ಅನುಕೂಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಬಂದ ಮೇಲೆ ಕಾರ್ಪೆಟ್ ಏರಿಯಾ ಎಷ್ಟೆಂದು ಹೇಳಲೇಬೇಕಾಗಿರುವುದರಿಂದ ಕೊಳ್ಳುವವರಿಗೆ ಮಾಡುವ ಕಣ್ಣುಕಟ್ಟೂ ಕಡಿಮೆಯಾಗಿದೆ. ಆದರೆ ಎರಡು ಕೋಣೆಯ ಫ್ಲ್ಯಾಟು ಮೂರು ಕೋಣೆಯದ್ದಾಗುವುದಿಲ್ಲ. ಅದನ್ನು ಮಾರಿ ಇನ್ನೊಂದನ್ನು ಕೊಳ್ಳಬೇಕು, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಮತ್ತೆ ಕಟ್ಟಬೇಕು. ತಾರಸಿ ಎಲ್ಲರದೂ ಆದ್ದರಿಂದ ಯಾರದೂ ಅಲ್ಲ. ಸ್ವಂತ ಮನೆಯಲ್ಲಾದರೆ ತಾರಸಿಗೆ ಬಿದ್ದ ಮಳೆಯೂ ನಮ್ಮದೇ: ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, 1,000 ಚದರ ಅಡಿಯ ಸ್ವಂತ ತಾರಸಿಗೆ ಹತ್ತಿರ ಹತ್ತಿರ 90,000 ಲೀಟರ್. ಅರ್ಧ ಹಿಡಿದು ಸಂಪಿಗೆ ಬಿಟ್ಟರೂ 6,000 ಲೀಟರಿನ ಏಳು ಟ್ಯಾಂಕರ್ ತುಂಬಿ ಮಿಗುತ್ತದೆ. 2024ರ ಬೇಸಿಗೆಯ ನೀರಿನ ಬರದಲ್ಲಿ ಟ್ಯಾಂಕರಿಗೆ ಕಾದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ವಿಲ್ಲಾಗಳ ವಿಚಾರಕ್ಕೆ ಹೆಚ್ಚು ಮಾತು ಬೇಡ: 2022ರ ಸೆಪ್ಟೆಂಬರಿನ ನೆರೆಯಲ್ಲಿ ಪೂರ್ವ ಬೆಂಗಳೂರಿನ ಕೋಟಿ ಕೋಟಿಯ ಮನೆಗಳವರು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದರು.

ಮನೆ ಬೆಳೆಯಬಲ್ಲದು, ರಸ್ತೆ ಬೆಳೆಯುವುದಿಲ್ಲ. ಹೀಗಾಗಿ ಬಡಾವಣೆಯ ಆಯ್ಕೆ ಮೊದಲು. ಈ ಊರು ಬೆಳೆದದ್ದೂ ಬಡಾವಣೆ ಬಡಾವಣೆಯಾಗಿಯೇ: 1898ರ ಪ್ಲೇಗು ಜನರನ್ನು ಪೇಟೆಯಿಂದ ಬಸವನಗುಡಿ, ಮಲ್ಲೇಶ್ವರಗಳತ್ತ ನೂಕಿತು, 1948ರಲ್ಲಿ ಜಯನಗರ ಶುರುವಾಯಿತು, 1976ರ ಕಾಯ್ದೆಯಿಂದ ಬಡಾವಣೆ ರೂಪಿಸುವ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹುಟ್ಟಿತು. ಆ ಕಾಯ್ದೆಯ ಪ್ರಕಾರ ಹೊಸ ಬಡಾವಣೆಯ ಕನಿಷ್ಠ ಶೇ 15 ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10 ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಗಳಿಗೆ ಮೀಸಲು. ಜನ ‘ಸಿ.ಎ. ಸೈಟು’ ಎನ್ನುವುದು ಈ ನಾಗರಿಕ ಸೌಲಭ್ಯದ ಜಾಗವನ್ನೇ. ಮಕ್ಕಳಿರುವವರು ತಮ್ಮ ಸೈಟಿನ ಮುಖ ಪೂರ್ವಕ್ಕಿದೆಯೋ ಉತ್ತರಕ್ಕಿದೆಯೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಸಿ.ಎ. ಸೈಟಿನಲ್ಲಿ ಏನಿದೆ ಎಂದು ನೋಡುವುದು ಲೇಸು. ಸರ್ಕಾರಿ ಬಡಾವಣೆಯೆಂಬ ಹೆಸರೊಂದೇ ಸಾಲದು. 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟ ಅರ್ಕಾವತಿ ಬಡಾವಣೆ ವರ್ಷಗಟ್ಟಲೆ ಕೋರ್ಟು ಅಲೆಯಿತು. 2016ರಲ್ಲಿ ಹಂಚಿಕೆ ಶುರುವಾದ ಕೆಂಪೇಗೌಡ ಬಡಾವಣೆಯಲ್ಲಿ ಸೈಟು ಸಿಕ್ಕವರು ನೀರು, ಕರೆಂಟು, ರಸ್ತೆಗಾಗಿ ವರ್ಷಗಳ ಕಾಲ ದೂರುತ್ತಲೇ ಇದ್ದರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷವೆಂದರೆ ಹುಟ್ಟಿದ ಮಗು ಪಿಯುಸಿಗೆ ಬಂದಿರುತ್ತದೆ. ಆಗಲೇ ಹಾಲಿನ ಬೂತು, ಇಸ್ತ್ರಿ ಗಾಡಿ, ಬಸ್ಸು ಬಂದಿರುವ ರಸ್ತೆಯನ್ನೇ ಹಿಡಿಯಿರಿ.

ಅಂಥ ಕಡೆ ಮೂವತ್ತು ನಲವತ್ತರ ಸೈಟು ಕೈಗೆಟುಕುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಹಲವರಿಗೆ ಎಟುಕುವುದಿಲ್ಲ. ಆದರೆ ಅದಕ್ಕೆ ಪರಿಹಾರ ಇನ್ನೂ ಹತ್ತು ಕಿಲೋಮೀಟರ್ ಆಚೆಯ, ಅನುಮೋದನೆಯಿಲ್ಲದ ರೆವಿನ್ಯೂ ಸೈಟಲ್ಲ, ಇಲ್ಲೇ ಇಪ್ಪತ್ತು ಮೂವತ್ತರ ಸೈಟು. ಆರುನೂರು ಚದರ ಅಡಿಯ ಮೇಲೆ ಈಗ ನಾಲ್ಕು ಚದರದ (ನಾನೂರು ಚದರ ಅಡಿಯ) ಮನೆ, ಕಂಬಿ ಬಿಟ್ಟು ತಾರಸಿ. ಅಜ್ಜಿ ಬಂದಾಗ ಮೇಲಿನ ನಾಲ್ಕು ಚದರ. ನಿಯಮದಂತೆ ಸುತ್ತ ಬಿಡಬೇಕಾದ ಜಾಗವನ್ನು ಬಿಟ್ಟರೆ ಕೋಣೆ ಕಿರಿದಾಗುತ್ತದೆ ನಿಜ, ಕಿಟಕಿ ತೆರೆದರೆ ಗಾಳಿಯಂತೂ ಬರುತ್ತದೆ. ಸೈಟು ನೋಡಲು ದಲ್ಲಾಳಿ ಕರೆದ ಬಿಸಿಲ ಭಾನುವಾರ ಹೋಗಬೇಡಿ; ಮಳೆ ಬಿದ್ದ ವಾರದ ನಡುವಿನ ಸಂಜೆ ಹೋಗಿ. ಕೈಯಲ್ಲಿ ಅನುಮೋದಿತ ಬಡಾವಣೆಯ ನಕ್ಷೆ ಇರಲಿ. ಅದರಲ್ಲಿ ಪಾರ್ಕೆಂದು ಹಸಿರು ಬಳಿದ ಜಾಗದಲ್ಲಿ ಮನೆಗಳು ಎದ್ದಿದ್ದರೆ, ಮುಂಗಡ ಕೊಡದೆ ವಾಪಸ್ ಬನ್ನಿ.