ಚರ್ಮದ ಕೋಶ ಹಟ ಹಿಡಿಯುವುದೇಕೆ?

2006ರಲ್ಲಿ ಜಪಾನಿನ ವಿಜ್ಞಾನಿಗಳಾದ ಶಿನ್ಯಾ ಯಮನಾಕ ಮತ್ತು ಕಝುತೋಶಿ ತಕಹಾಶಿ ಇಲಿಯ ಬಲಿತ ಕೋಶಗಳನ್ನು ಭ್ರೂಣದ ಕಾಂಡಕೋಶಗಳಂಥ ಸ್ಥಿತಿಗೆ ಮರಳಿಸಿದರು. 24 ಜೀನ್‌ಗಳ ಪಟ್ಟಿಯಿಂದ ಅನಗತ್ಯವಾದವನ್ನು ಕೈಬಿಡುತ್ತ ಹೋದಾಗ ಕೊನೆಗೆ ಉಳಿದವು ನಾಲ್ಕೇ: ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ಮರುವರ್ಷ ಮನುಷ್ಯರ ಚರ್ಮದ ಕೋಶಗಳಲ್ಲೂ ಇದು ಫಲಿಸಿತು. ಈ ಸಾಧನೆಯ ಸಂಭ್ರಮದಲ್ಲಿ ಮರೆಯಾಗುವ ಸಂಗತಿಯೊಂದಿದೆ. ಆ ಪ್ರಯೋಗಗಳಲ್ಲಿ ನೂರಕ್ಕೆ ಒಂದು ಕೋಶವೂ ಪೂರ್ತಿ ಬದಲಾಗಲಿಲ್ಲ, ಬದಲಾದವಕ್ಕೂ ವಾರಗಟ್ಟಲೆ ಹಿಡಿಯಿತು. ಇದನ್ನು ಪ್ರಯೋಗಾಲಯದ ಕೈಚಳಕದ ಕೊರತೆ ಎಂದು ಬದಿಗಿಡುವುದು ಸುಲಭ. ಕೋಶದ ಸ್ವಭಾವವನ್ನು ತಿಳಿಯಲು ಇದೇ ಒಳ್ಳೆಯ ಸುಳಿವು ಎಂಬುದು ನನ್ನ ವಾದ.

ಒಂದು ಸರಳ ಉದಾಹರಣೆ ನೋಡಿ. ರಕ್ತಕೋಶಗಳು ಹುಟ್ಟುವಾಗ ಗಾಟಾ1 ಮತ್ತು ಪಿಯು.1 ಎಂಬ ಎರಡು ಜೀನ್‌ಗಳು ಎದುರುಬದುರಾಗಿ ನಿಲ್ಲುತ್ತವೆ. ಪ್ರತಿಯೊಂದರ ಪ್ರೋಟೀನು ತನ್ನ ಜೀನನ್ನು ಪ್ರಚೋದಿಸುತ್ತದೆ, ಇನ್ನೊಂದನ್ನು ಅದುಮುತ್ತದೆ. ಇಷ್ಟನ್ನೇ ಎರಡು ಸಮೀಕರಣಗಳಾಗಿ ಬರೆದು ಬಿಡಿಸಿದರೆ ಮೂರು ಸ್ಥಿರ ಸ್ಥಿತಿಗಳು ಸಿಗುತ್ತವೆ: ಗಾಟಾ1 ಗೆದ್ದರೆ ಕೆಂಪು ರಕ್ತಕಣದ ದಾರಿ, ಪಿಯು.1 ಗೆದ್ದರೆ ಬಿಳಿ ರಕ್ತಕಣದ ದಾರಿ, ಎರಡೂ ಸಮವಾಗಿದ್ದರೆ ಇನ್ನೂ ನಿರ್ಧರಿಸದ ಮೂಲಕೋಶ. ಮೂರು ಬಗೆಯ ಕೋಶಗಳಿರಬೇಕೆಂದು ಸಮೀಕರಣಕ್ಕೆ ಯಾರೂ ಹೇಳಿರಲಿಲ್ಲ. ಜೀನ್‌ಗಳ ನಡುವಣ ನಂಟಿನಿಂದಲೇ ಅವು ಮೂಡಿದವು. ಕೋಶದ ಬಗೆ ಎಂದರೆ ಜೀನ್‌ಗಳ ಇಡೀ ಜಾಲ ಬಂದು ನೆಲೆಸುವ ಸ್ಥಿತಿ ಎಂದು ವಿಜ್ಞಾನಿ ಸ್ಟುವರ್ಟ್ ಕಾಫ್‌ಮನ್ 1969ರಲ್ಲೇ ಸೂಚಿಸಿದ್ದರು. ಅಂಥ ಸ್ಥಿತಿಯನ್ನು ಕಣಿವೆಯೆಂದೂ ಕೋಶವನ್ನು ಅದರಲ್ಲಿ ನಿಂತ ಗುಂಡೆಂದೂ ನೆನೆಯಿರಿ. ಯಮನಾಕರ ನಾಲ್ಕು ಜೀನ್‌ಗಳು ಅದನ್ನು ಮೇಲಕ್ಕೆ ತಳ್ಳುತ್ತವೆ, ಆದರೆ ಹೆಚ್ಚಿನ ಕೋಶಗಳು ದಿಣ್ಣೆ ದಾಟದೆ ಹಿಂದಕ್ಕುರುಳುತ್ತವೆ.

ಇದು ಬರಿಯ ಚಿತ್ರವಲ್ಲವೆ ಎಂದು ಕೇಳಬಹುದು. 2005ರಲ್ಲಿ ಸೂಯಿ ಹುವಾಂಗ್ ಮತ್ತು ಸಂಗಡಿಗರು ಎಚ್‌ಎಲ್-60 ಎಂಬ ರಕ್ತಕ್ಯಾನ್ಸರ್ ಕೋಶಗಳಿಗೆ ಬೇರೆಬೇರೆ ಎರಡು ರಾಸಾಯನಿಕಗಳನ್ನು ಕೊಟ್ಟು ಸಾವಿರಾರು ಜೀನ್‌ಗಳ ಚಟುವಟಿಕೆಯನ್ನು ಅಳೆದರು. ಮೊದಲು ಕವಲೊಡೆದ ಎರಡು ದಾರಿಗಳೂ ಕೊನೆಗೆ ನ್ಯೂಟ್ರೊಫಿಲ್ ಎಂಬ ಒಂದೇ ನೆಲೆಗೆ ಬಂದು ಕೂಡಿದವು. ಹೊರಗಿನ ಆದೇಶವೇ ಎಲ್ಲವನ್ನೂ ನಿರ್ಧರಿಸುವುದಾದರೆ ಇದನ್ನು ವಿವರಿಸುವುದು ಕಷ್ಟ. ಡಿಎನ್‌ಎ ಸುತ್ತಿಟ್ಟ ಬಗೆ, ಅದರ ಮೇಲಿನ ರಾಸಾಯನಿಕ ಗುರುತುಗಳು ಇಂಥ ಸರಳ ಮಾದರಿಯಲ್ಲಿ ಇಲ್ಲ ಎಂಬ ಆಕ್ಷೇಪ ಇನ್ನೂ ತೂಕದ್ದು. ಆದರೆ ಆ ಗುರುತುಗಳನ್ನು ಹಾಕುವ ಪ್ರೋಟೀನ್‌ಗಳೂ ಜೀನ್‌ಗಳ ಉತ್ಪನ್ನಗಳೇ. ನಿಧಾನವಾಗಿ ಬದಲಾಗುವ ಅಂಶಗಳಾಗಿ ಅವನ್ನು ಜಾಲದೊಳಗೇ ಸೇರಿಸಬಹುದು. ಆಗ ಹಳೆಯ ಸ್ಥಿತಿ ಮತ್ತಷ್ಟು ಗಟ್ಟಿಯಾಗುತ್ತದೆ. ಹಾಗಿದ್ದರೂ ನಾಲ್ಕು ಜೀನ್‌ಗಳು ತಳ್ಳುತ್ತಿರುವಾಗ ಸಾಕಷ್ಟು ಕಾಲ ಕೊಟ್ಟರೆ, ಬಿ-ಕೋಶಗಳೆಂಬ ಬಿಳಿ ರಕ್ತಕಣಗಳ ಬಹುಪಾಲು ಸಂತತಿಗಳಲ್ಲಿ ಒಂದಾದರೂ ಕೋಶ ದಿಣ್ಣೆ ದಾಟಿಯೇ ದಾಟುತ್ತದೆ ಎಂದು 2009ರ ಪ್ರಯೋಗವೊಂದು ತೋರಿಸಿತು. ವಿಶೇಷ ಕೋಶಗಳಿಗಷ್ಟೇ ಬದಲಾಗುವ ಶಕ್ತಿಯಿದ್ದರೆ ಹಾಗಾಗುತ್ತಿರಲಿಲ್ಲ.

ಮಾದರಿಗೆ ಮಿತಿಯಿದೆ. ಕೇವಲ 20 ಜೀನ್‌ಗಳ ಆನ್-ಆಫ್ ಜೋಡಣೆಗಳೇ ಹತ್ತು ಲಕ್ಷ ಮೀರುತ್ತವೆ, ಯಾವ ನಂಟು ಎಷ್ಟು ಬಲವಾದದ್ದೆಂದು ಅಳೆಯುವುದೂ ಸುಲಭವಲ್ಲ. ಹಾಗಿದ್ದೂ ಅದನ್ನು ಬಿಡಲಾಗದು. ಸಿ-ಮಿಕ್ ಕ್ಯಾನ್ಸರ್ ತರಬಲ್ಲ ಜೀನ್. ಅದಿಲ್ಲದ ದಾರಿಗಳು ರೋಗಿಗೆ ಬೇಕು, ಯಾವ ಜೋಡಣೆಯನ್ನು ಮೊದಲು ಪರೀಕ್ಷಿಸಬೇಕೆಂದು ಲೆಕ್ಕ ಹಾಕಿ ಹೇಳಬಲ್ಲದ್ದು ಈ ಮಾದರಿಗಳೇ.